ಸಾವಿಗೂ ಹೃದಯಾಘಾತಕ್ಕೂ ಒಂದೇ ತೂಕವೇ?

ಗ್ರಾಹಕ ಬೆಲೆ ಸೂಚ್ಯಂಕವನ್ನು ಸಿದ್ಧಪಡಿಸುವವರು ಅಕ್ಕಿಗೆ ಎಷ್ಟು ತೂಕ, ಪಾದರಕ್ಷೆಗೆ ಎಷ್ಟು ತೂಕ ಎಂಬುದನ್ನು ಮೊದಲೇ ನಿರ್ಧರಿಸಿ ಪ್ರಕಟಿಸುತ್ತಾರೆ. ಅದು ಸರಿಯಲ್ಲವೆಂದು ಯಾರು ಬೇಕಾದರೂ ತಕರಾರು ತೆಗೆಯಬಹುದು. ಹೃದ್ರೋಗ ಚಿಕಿತ್ಸೆಗಳ ಪ್ರಯೋಗಗಳಲ್ಲಿಯೂ ಇಂಥದೇ ಒಂದು ಸೂಚ್ಯಂಕವಿದೆ. ಅದರ ತೂಕಗಳು ಮಾತ್ರ ಕಣ್ಣಿಗೆ ಬೀಳುವುದಿಲ್ಲ.

ಸಾವನ್ನಷ್ಟೇ ಎಣಿಸಹೊರಟರೆ ಪ್ರಯೋಗಕ್ಕೆ ಸಾವಿರಾರು ರೋಗಿಗಳೂ ದೀರ್ಘ ಕಾಲಾವಧಿಯೂ ಬೇಕು. ಆದಕಾರಣ ಸಾವು, ಪಾರ್ಶ್ವವಾಯು, ಹೃದಯಾಘಾತ ಇವುಗಳಲ್ಲಿ ಯಾವುದು ಮೊದಲು ಸಂಭವಿಸಿದರೂ ಒಂದು ಘಟನೆಯೆಂದು ಲೆಕ್ಕ ಹಿಡಿಯುವ ‘ಸಂಯುಕ್ತ ಫಲಿತಾಂಶ’ದ ಪದ್ಧತಿ ರೂಢಿಗೆ ಬಂದಿತು. ಅನುಕೂಲವೇನೋ ನಿಜ. ಆದರೆ ಮೊದಲ ತಿಂಗಳಲ್ಲಿ ಲಘು ಹೃದಯಾಘಾತವಾಗಿ ಚೇತರಿಸಿಕೊಂಡವರೂ ಮೂರನೆಯ ವರ್ಷ ಮೃತಪಟ್ಟವರೂ ಇಲ್ಲಿ ಒಂದೊಂದು ಅಂಕೆಯಷ್ಟೇ.

ಇದರಿಂದ ಆಗುವ ಗೊಂದಲಕ್ಕೆ ‘ಎಕ್ಸೆಲ್’ ಪ್ರಯೋಗ ಉತ್ತಮ ನಿದರ್ಶನ. ಹೃದಯಕ್ಕೆ ರಕ್ತ ಒದಗಿಸುವ ಎಡ ಮುಖ್ಯ ಅಪಧಮನಿ ಕಿರಿದಾಗಿದ್ದ 1905 ರೋಗಿಗಳಲ್ಲಿ ಕೆಲವರಿಗೆ ಸ್ಟೆಂಟ್, ಉಳಿದವರಿಗೆ ಬೈಪಾಸ್ ಶಸ್ತ್ರಚಿಕಿತ್ಸೆ ಎಂದು ಚೀಟಿ ಎತ್ತಿದಂತೆ ಹಂಚಲಾಯಿತು. 2019ರಲ್ಲಿ ಪ್ರಕಟವಾದ ಐದು ವರ್ಷಗಳ ಫಲಿತಾಂಶದ ಪ್ರಕಾರ, ಮೂರರಲ್ಲೊಂದು ಘಟನೆಗೆ ಒಳಗಾದವರು ಸ್ಟೆಂಟ್ ಗುಂಪಿನಲ್ಲಿ ಶೇ 22.0, ಬೈಪಾಸ್ ಗುಂಪಿನಲ್ಲಿ ಶೇ 19.2. ಈ ಅಂತರ ಆಕಸ್ಮಿಕವೂ ಇರಬಹುದೆಂದು ಎರಡೂ ಚಿಕಿತ್ಸೆಗಳನ್ನು ಸರಿಸಮವೆಂದು ಭಾವಿಸಲಾಯಿತು. ಸಾವುಗಳನ್ನು ಬೇರ್ಪಡಿಸಿ ನೋಡಿದರೆ ಸ್ಟೆಂಟ್ ಗುಂಪಿನಲ್ಲಿ ಶೇ 13.0, ಬೈಪಾಸ್‌ನಲ್ಲಿ ಶೇ 9.9! ಚಿಕಿತ್ಸೆಯ ಸಮಯದಲ್ಲಿ ರಕ್ತದಲ್ಲಿ ಏರುವ ಕಿಣ್ವದ ಎಷ್ಟು ಪ್ರಮಾಣವನ್ನು ಹೃದಯಾಘಾತವೆಂದು ಕರೆಯಬೇಕು ಎಂಬ ಜಗಳವೂ ಸೇರಿಕೊಂಡಿತು. ಆ ವರ್ಷದ ಡಿಸೆಂಬರ್‌ನಲ್ಲಿ ಯುರೋಪಿನ ಹೃದಯ ಶಸ್ತ್ರಚಿಕಿತ್ಸಕರ ಸಂಘವು ಎಡ ಮುಖ್ಯ ಅಪಧಮನಿಗೆ ಸಂಬಂಧಿಸಿದ ಮಾರ್ಗಸೂಚಿಗೆ ತಾನು ನೀಡಿದ್ದ ಬೆಂಬಲವನ್ನೇ ಹಿಂತೆಗೆದುಕೊಂಡಿತು. ನಾಲ್ಕು ಪ್ರಯೋಗಗಳ 4394 ರೋಗಿಗಳನ್ನು ಒಟ್ಟುಗೂಡಿಸಿದ 2021ರ ವಿಶ್ಲೇಷಣೆಯಲ್ಲಿ ಸಾವಿನ ಅಂತರ ಶೇ 11.2 ಮತ್ತು 10.2ಕ್ಕೆ ಇಳಿದು, ಖಚಿತವಾಗಿ ಏನನ್ನೂ ಹೇಳಲಾಗದಂತಾಯಿತು ಎಂಬುದನ್ನೂ ಇಲ್ಲಿ ಹೇಳಲೇಬೇಕು.

ತೂಕದ ಸಮಸ್ಯೆಗೆ ಪರಿಹಾರವಾಗಿ ಸ್ಟುವರ್ಟ್ ಪೊಕಾಕ್ ಮತ್ತು ಸಂಗಡಿಗರು 2012ರಲ್ಲಿ ‘ಗೆಲುವಿನ ಅನುಪಾತ’ವನ್ನು ಮುಂದಿಟ್ಟರು. ಎರಡು ಗುಂಪುಗಳ ರೋಗಿಗಳನ್ನು ಜೋಡಿ ಮಾಡಿ, ಮೊದಲು ಯಾರು ಹೆಚ್ಚು ಕಾಲ ಬದುಕಿದರೆಂದು ನೋಡುವುದು. ಅದು ನಿರ್ಣಯವಾಗದಿದ್ದರೆ ಮಾತ್ರ ಆಸ್ಪತ್ರೆ ಸೇರಿದ್ದನ್ನು ಪರಿಗಣಿಸುವುದು. ಹೃದಯ ಸ್ನಾಯುವಿನಲ್ಲಿ ಅಸಹಜ ಪ್ರೋಟೀನ್ ಶೇಖರವಾಗುವ ಕಾಯಿಲೆಗೆ ಟಫಾಮಿಡಿಸ್ ಔಷಧಿಯನ್ನು ಪರೀಕ್ಷಿಸಿದ 2018ರ ಪ್ರಯೋಗದಲ್ಲಿ ಈ ಅನುಪಾತ ಸುಮಾರು 1.7 ಬಂದಿತು. ಈ ಸಂಖ್ಯೆಯಿಂದ ರೋಗಿಗೆ ಏನು ತಿಳಿದೀತು? ಒಂದು ದಿನ ಹೆಚ್ಚು ಬದುಕಿದರೂ ಗೆಲುವು, ಎರಡು ವರ್ಷ ಬದುಕಿದರೂ ಗೆಲುವು. ಮೂವತ್ತು ತಿಂಗಳಲ್ಲಿ ಔಷಧಿ ಪಡೆದವರಲ್ಲಿ ಶೇ 29.5, ಪಡೆಯದವರಲ್ಲಿ ಶೇ 42.9 ಮಂದಿ ತೀರಿಕೊಂಡರೆಂಬ ಸರಳ ಲೆಕ್ಕವೇ ಹೆಚ್ಚು ಪ್ರಯೋಜನಕಾರಿ.

ಬೆಲೆ ಸೂಚ್ಯಂಕದ ತೂಕಗಳು ಸಂಸಾರಗಳ ಖರ್ಚಿನ ಸಮೀಕ್ಷೆಯಿಂದ ಬರುತ್ತವೆ. ಇಲ್ಲಿ ಯಾವುದು ಮೊದಲು, ಯಾವುದು ನಂತರ ಎಂಬ ಕ್ರಮವನ್ನು ಸಾಮಾನ್ಯವಾಗಿ ನಿಗದಿ ಮಾಡುವವರು ಸಂಶೋಧಕರು. ಮಾತು, ಕೈಕಾಲು ಬಿದ್ದುಹೋಗಿ ಮಕ್ಕಳಿಗೆ ಹೊರೆಯಾಗುವುದಕ್ಕಿಂತ ಸಾವೇ ಮೇಲೆನ್ನುವ ಹಿರಿಯರು ನಮ್ಮಲ್ಲಿ ಕಡಿಮೆಯೇನಿಲ್ಲ. ಅಂಥವರನ್ನು ಮೊದಲು ವಿಚಾರಿಸಿ ಈ ಕ್ರಮವನ್ನು ನಿಗದಿಪಡಿಸಿದ ಪ್ರಯೋಗಗಳು ವಿರಳ.