ತಾಳ ತಪ್ಪಿದ ಹೃದಯಕ್ಕೆ ಯಂತ್ರದ ನೆರವು

ಮಣಿಕಟ್ಟಿನ ಮೇಲೆ ಬೆರಳಿಟ್ಟು ಒಂದು ನಿಮಿಷ ನಿಮ್ಮ ನಾಡಿಯನ್ನು ಎಣಿಸಿ ನೋಡಿರಿ. ಸುಮ್ಮನೆ ಕುಳಿತಿರುವ ವಯಸ್ಕರಲ್ಲಿ ಅದು ಸಾಮಾನ್ಯವಾಗಿ 60ರಿಂದ 100ರೊಳಗೆ ಇರುವುದು. ಈ ತಾಳವನ್ನು ಹಾಕುವವರಾರು? ಮಿದುಳೆಂದು ನೀವು ಊಹಿಸಬಹುದು. ಮಿದುಳು ಬಡಿತದ ವೇಗವನ್ನು ಹೆಚ್ಚು ಕಡಿಮೆ ಮಾಡಬಲ್ಲುದು, ನಿಜ. ಆದರೆ ಬಡಿತದ ಮೂಲವಿರುವುದು ಹೃದಯದಲ್ಲಿಯೇ. ಬಲ ಹೃತ್ಕರ್ಣದ ಗೋಡೆಯಲ್ಲಿರುವ ಸಣ್ಣದೊಂದು ಜೀವಕೋಶಗಳ ಗುಂಪು ಒಂದೇ ಸಮನೆ ವಿದ್ಯುತ್ ಸಂಜ್ಞೆಗಳನ್ನು ಹೊರಡಿಸುತ್ತದೆ. ಸಂಜ್ಞೆಯು ಮೇಲಿನ ಹೃತ್ಕರ್ಣಗಳನ್ನು ದಾಟಿ ಕೆಳಗಿನ ಹೃತ್ಕುಕ್ಷಿಗಳನ್ನು ತಲಪಿದೊಡನೆ ಅವು ಸಂಕುಚಿಸಿ ರಕ್ತವನ್ನು ಹೊರದೂಡುವುವು.

ಈ ಸಂಜ್ಞೆ ದಾರಿಯಲ್ಲಿಯೇ ತಡೆದುಹೋದರೆ? ಆಗ ಹೃತ್ಕುಕ್ಷಿಗಳು ತಮ್ಮಷ್ಟಕ್ಕೆ ತಾವು ಬಲು ನಿಧಾನವಾಗಿ ಬಡಿಯುವುವು. ಕೆಲವೊಮ್ಮೆ ಕೆಲವು ಕ್ಷಣ ನಿಂತೇಹೋಗುವುವು. ಮಿದುಳಿಗೆ ರಕ್ತ ಸಾಲದೆ ರೋಗಿ ಮೂರ್ಛೆಹೋಗುತ್ತಾನೆ.

1958ರಲ್ಲಿ ಸ್ವೀಡನ್ ದೇಶದ ಆರ್ನೆ ಲಾರ್ಸನ್ ಎಂಬುವರ ಸ್ಥಿತಿ ಹೀಗಿತ್ತು. ದಿನವೊಂದಕ್ಕೆ ಹಲವು ಬಾರಿ ಅವರು ಪ್ರಜ್ಞೆ ತಪ್ಪುತ್ತಿದ್ದರು. ಹೃದಯಕ್ಕೆ ವಿದ್ಯುತ್ ಸಂಜ್ಞೆ ಕೊಡುವ ಪೇಸ್‌ಮೇಕರ್ ಯಂತ್ರವೇನೋ ಆಗಲೇ ಬಂದಿತ್ತು. ಆದರೆ ಅದನ್ನು ಮೈಯ ಹೊರಗೆ ಇಡಬೇಕಾಗಿತ್ತು. ಲಾರ್ಸನ್ನರ ಪತ್ನಿ ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಮತ್ತು ತಂತ್ರಜ್ಞ ರೂನೆ ಎಲ್ಮ್‌ಕ್ವಿಸ್ಟ್ ಅವರ ಬಳಿಗೆ ಹೋಗಿ, ಮೈಯೊಳಗೇ ಇರಿಸಬಹುದಾದ ಯಂತ್ರವನ್ನು ಬೇಡಿದರು. ಅಂಥದು ಇನ್ನೂ ಸಿದ್ಧವಿಲ್ಲವೆಂದರೂ ಆಕೆ ಬಿಡಲಿಲ್ಲ. ಎಲ್ಮ್‌ಕ್ವಿಸ್ಟ್ ಎರಡು ಟ್ರಾನ್ಸಿಸ್ಟರುಗಳ ಪುಟ್ಟ ಯಂತ್ರವೊಂದನ್ನು ರಚಿಸಿ, ಬ್ಯಾಟರಿಯೊಡನೆ ಎಪಾಕ್ಸಿ ರಾಳದಲ್ಲಿ ಎರಕ ಹೊಯ್ದರು. ಎರಕಕ್ಕೆ ಅಚ್ಚಾದುದು ಬೂಟ್ ಪಾಲಿಷಿನ ಡಬ್ಬಿ! ಅಕ್ಟೋಬರ್ 8ರಂದು ಸೆನ್ನಿಂಗ್ ಅದನ್ನು ಲಾರ್ಸನ್ನರ ದೇಹದಲ್ಲಿ ಹುದುಗಿಸಿದರು. ಕೆಲವೇ ಗಂಟೆಗಳಲ್ಲಿ ಅದು ಕೆಟ್ಟಿತು. ಎರಡನೆಯದನ್ನು ಇಟ್ಟರು, ಅದೂ ಬಹುಕಾಲ ಬಾಳಲಿಲ್ಲ. ಆದರೂ ಪ್ರಯತ್ನ ನಿಲ್ಲಲಿಲ್ಲ. ಜೀವಮಾನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರುಗಳನ್ನು ಧರಿಸಿದ ಲಾರ್ಸನ್, ಆ ವೈದ್ಯರೂ ತಂತ್ರಜ್ಞರೂ ಕಾಲವಾದ ಮೇಲೂ ಬದುಕಿದ್ದು, 2001ರಲ್ಲಿ ತಮ್ಮ 86ನೆಯ ವಯಸ್ಸಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು.

ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಪೇಸ್‌ಮೇಕರ್ ರಕ್ತವನ್ನು ಒತ್ತುವುದಿಲ್ಲ. ಆ ಕೆಲಸ ಇಂದಿಗೂ ಹೃದಯದ ಸ್ನಾಯುವಿನದೇ. ಯಂತ್ರ ಕೊಡುವುದು ಕಳೆದುಹೋದ ಸಂಜ್ಞೆಯನ್ನು ಮಾತ್ರ. ಮೊದಲಿನವು ಹೃದಯದ ಪಾಡನ್ನು ನೋಡದೆ ಒಂದೇ ವೇಗದಲ್ಲಿ ಸಂಜ್ಞೆ ಕೊಡುತ್ತಿದ್ದುವು. 1960ರ ದಶಕದಲ್ಲಿ ಹೃದಯಕ್ಕೆ ಕಿವಿಗೊಡುವ ಯಂತ್ರಗಳು ಬಂದುವು. ಹೃದಯ ತಾನಾಗಿ ಬಡಿದರೆ ಇವು ಸುಮ್ಮನಿರುವುವು; ಬಡಿತ ತಡವಾದರೆ ಮಾತ್ರ ಸಂಜ್ಞೆ ಕೊಡುವುವು. ಇಂದಿನ ಲಿಥಿಯಂ ಬ್ಯಾಟರಿಯ ಪೇಸ್‌ಮೇಕರುಗಳು ಹಲವಾರು ವರ್ಷ ಬಾಳುತ್ತವೆ.

ಆದುದರಿಂದ, ಕೃತಕಾಂಗವನ್ನು ನಿರ್ಮಿಸಹೊರಟವನು ದೇಹದಲ್ಲಿ ಏನು ಕೆಟ್ಟಿದೆಯೆಂಬುದನ್ನು ಅರಿತರೆ ಸಾಲದು. ಏನು ಕೆಡದೆ ಉಳಿದಿದೆಯೆಂಬುದನ್ನೂ ಅಷ್ಟೇ ಚೆನ್ನಾಗಿ ಅರಿತಿರಬೇಕು.