ಕಾಡಿನ ಚದರಡಿಗೆ ಆರು ರೂಪಾಯಿ!

ಸರ್ವೆ ಕ್ಯಾಂಪ್‌ನ ನಾಲ್ಕನೇ ದಿನ. ಬೆಳಗಿನಿಂದ ಟೋಟಲ್ ಸ್ಟೇಷನ್ ಹೊತ್ತು ಓಡಾಡಿ ಸುಸ್ತಾಗಿದ್ದ ನಮ್ಮ ಆರು ಜನರ ತಂಡಕ್ಕೆ ಸಂಜೆ ಒಂದು ಲೆಕ್ಕ ಕೊಟ್ಟರು. ಎರಡು ಊರುಗಳ ನಡುವೆ ರಸ್ತೆ ಆಗಬೇಕು. ನಕ್ಷೆಯ ಮೇಲೆ ಎರಡು ದಾರಿಗಳಿವೆ. ಒಂದು ಹೊಲ, ತೆಂಗಿನ ತೋಟಗಳ ನಡುವೆ ಹಾದುಹೋಗುತ್ತದೆ. ಇನ್ನೊಂದು ಗುಡ್ಡದ ತಪ್ಪಲಿನ ಸರ್ಕಾರಿ ಮುಳ್ಳುಗಾಡನ್ನು ಸೀಳಿಕೊಂಡು ಹೋಗುತ್ತದೆ. ಎರಡಕ್ಕೂ ಬೇಕಾದ ಜಾಗ ಸುಮಾರು ಎರಡು ಹೆಕ್ಟೇರ್. ಯಾವುದು ಅಗ್ಗ?

ಅರ್ಧ ಗಂಟೆಯಲ್ಲಿ ಉತ್ತರ ಸಿಕ್ಕಿತು. ಕಾಡಿನ ದಾರಿಯೇ ಅಗ್ಗ. ಅದೂ ಸ್ವಲ್ಪ ಅಲ್ಲ, ಜಾಗದ ಖರ್ಚಿನಲ್ಲಿ ಹಲವು ಪಟ್ಟು. ನಾವೆಲ್ಲ ಖುಷಿಯಿಂದ ‘ಎರಡನೇ ದಾರಿಯೇ ಸೂಕ್ತ’ ಎಂದು ಬರೆದು ಊಟಕ್ಕೆ ಹೊರಟೆವು. ಹಾಳೆ ನೋಡಿದ ಮೇಷ್ಟ್ರು ಒಂದೇ ಪ್ರಶ್ನೆ ಕೇಳಿದರು: ‘ಕಾಡು ಯಾಕ್ರಪ್ಪಾ ಇಷ್ಟು ಅಗ್ಗ?’

ಯಾರ ಹತ್ತಿರವೂ ಉತ್ತರ ಇರಲಿಲ್ಲ. ದರಪಟ್ಟಿಯಲ್ಲಿ ಹಾಗೇ ಇತ್ತು, ಹಾಗೇ ಬರೆದಿದ್ದೆವು.

ಆ ಪ್ರಶ್ನೆ ನನಗೆ ಸ್ವಲ್ಪ ಜಾಸ್ತಿಯೇ ಚುಚ್ಚಿತು. ನಮ್ಮೂರು ಕುಣಿಗಲ್ ತಾಲ್ಲೂಕಿನ ಯಡಿಯೂರು. ಸಿದ್ಧಲಿಂಗೇಶ್ವರ ಸ್ವಾಮಿಯ ಜಾತ್ರೆಗೆ ಬಂದವರಿಗೆ, ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಓಡಾಡುವವರಿಗೆ ಊರು ಗೊತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ರಸ್ತೆ ಅಗಲ ಮಾಡಲು ನಮ್ಮ ಆರು ಗುಂಟೆ ಜಮೀನು ಹೋಯಿತು. ಜೊತೆಗೆ ಫಸಲು ಬಿಡುತ್ತಿದ್ದ ಹನ್ನೊಂದು ತೆಂಗಿನ ಮರಗಳು. ಪರಿಹಾರಕ್ಕಾಗಿ ತಾತ ಒಂದೂವರೆ ವರ್ಷ ಕಚೇರಿ ಅಲೆದರು. ‘ಮಾರುಕಟ್ಟೆ ಮೌಲ್ಯ’ ಎಂಬ ಪದವನ್ನು ನಾನು ಮೊದಲು ಕೇಳಿದ್ದು ಆಗಲೇ.

ಮಾರುಕಟ್ಟೆ ಮೌಲ್ಯ ಎಂದರೆ ಸಂತೆಯಲ್ಲಿ ಸಿಗುವ ಬೆಲೆ ಎಂದು ತಾತ ತಿಳಿದಿದ್ದರು. ಆದರೆ ಕಚೇರಿಯವರಿಗೆ ಅದು ಸಬ್ ರಿಜಿಸ್ಟ್ರಾರ್ ಪುಸ್ತಕದಲ್ಲಿರುವ ಬೆಲೆ. ಸ್ಟ್ಯಾಂಪ್ ಶುಲ್ಕ ಉಳಿಸಲು ಅಕ್ಕಪಕ್ಕದವರು ಕ್ರಯಪತ್ರದಲ್ಲಿ ಕಡಿಮೆ ಬರೆಸಿದ್ದರಿಂದ ನಮ್ಮ ಜಮೀನಿನ ಬೆಲೆಯೂ ಕಡಿಮೆಯಾಯಿತು. ಆದರೂ 2013ರ ಭೂಸ್ವಾಧೀನ ಕಾಯ್ದೆ ರೈತನಿಗೆ ಒಂದಿಷ್ಟು ಬಲ ಕೊಟ್ಟಿದೆ. ಹಳ್ಳಿಗಳಲ್ಲಿ ಆ ಮೌಲ್ಯವನ್ನು ಎರಡು ಪಟ್ಟಿನವರೆಗೂ ಹೆಚ್ಚಿಸಬಹುದು. ಅದರ ಮೇಲೆ ಅಷ್ಟೇ ಮೊತ್ತದ ಸೊಲೇಷಿಯಂ ಸೇರುತ್ತದೆ. ಮರಕ್ಕೆ, ಬೋರ್‌ವೆಲ್ಲಿಗೆ ಲೆಕ್ಕ ಬೇರೆ. ಎಲ್ಲಕ್ಕಿಂತ ಮುಖ್ಯವಾಗಿ ನೋಟಿಸ್ ಬರುತ್ತದೆ, ತಕರಾರು ಹೇಳಬಹುದು. ತಾತ ಹೇಳಿದರು, ಒಂದಿಷ್ಟು ಹೆಚ್ಚು ಪಡೆದರು.

ಕಾಡಿಗೆ ಯಾರು ಬೆಲೆ ಕಟ್ಟುತ್ತಾರೆ? ಕ್ಯಾಂಪ್ ಮುಗಿಸಿ ಬಂದ ಮೇಲೆ ಹುಡುಕುತ್ತಾ ಹೋದೆ.

ಬೆಲೆ ಬಂದ ಕಥೆ

ಕಥೆ ಶುರುವಾಗುವುದು ನಮ್ಮ ಬಂಡೀಪುರದ ಆಚೆಗಿನ ಗೂಡಲೂರಿನಿಂದ. ಅಲ್ಲಿನ ಕಾಡು ನಾಶವಾಗುತ್ತಿದೆ ಎಂದು ನಿಲಂಬೂರಿನ ಟಿ.ಎನ್. ಗೋದಾವರ್ಮನ್ ತಿರುಮುಲ್ಪಾಡ್ 1995ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆ ಒಂದು ಅರ್ಜಿ ಇಡೀ ದೇಶದ ಕಾಡಿನ ಮೊಕದ್ದಮೆಯಾಗಿ ಬೆಳೆಯಿತು. ಗಣಿಗೋ ಅಣೆಕಟ್ಟಿಗೋ ರಸ್ತೆಗೋ ಅರಣ್ಯ ಭೂಮಿ ಪಡೆಯುವವರು ಬದಲಿಗೆ ಗಿಡ ನೆಡುವ ಖರ್ಚು ಕೊಟ್ಟರೆ ಸಾಲದು, ಕಳೆದುಹೋಗುವ ಕಾಡಿನ ಮೌಲ್ಯವನ್ನೂ ಕಟ್ಟಬೇಕು ಎಂದು 2002ರಲ್ಲಿ ಕೋರ್ಟ್ ಹೇಳಿತು. ಅದರ ಹೆಸರು ನಿವ್ವಳ ಪ್ರಸ್ತುತ ಮೌಲ್ಯ, ಎಲ್ಲರ ಬಾಯಲ್ಲಿ ಎನ್‌ಪಿವಿ. ಆಗ ಹೆಕ್ಟೇರಿಗೆ 5.80 ಲಕ್ಷದಿಂದ 9.20 ಲಕ್ಷ ರೂಪಾಯಿ ಎಂದು ನಿಗದಿಯಾಯಿತು.

ಲೆಕ್ಕ ಸರಿಯಾಗಿರಲಿ ಎಂದು ಅರ್ಥಶಾಸ್ತ್ರಜ್ಞೆ ಕಾಂಚನ್ ಚೋಪ್ರಾ ನೇತೃತ್ವದಲ್ಲಿ ಸಮಿತಿಯಾಯಿತು. ಮರ, ಸೌದೆ, ಮೇವು, ಕಿರು ಅರಣ್ಯ ಉತ್ಪನ್ನ, ಪ್ರವಾಸೋದ್ಯಮ, ಇಂಗಾಲ ಹಿಡಿದಿಡುವ ಶಕ್ತಿ, ನೀರು–ಮಣ್ಣು ಕಾಯುವ ಕೆಲಸ ಹೀಗೆ ಒಂದೊಂದಕ್ಕೂ ಬೆಲೆ ಕಟ್ಟುವ ಪ್ರಯತ್ನ ನಡೆಯಿತು. ಕೊನೆಗೆ 2008ರ ಮಾರ್ಚ್‌ನಲ್ಲಿ ಕೋರ್ಟ್ ಹೊಸ ದರ ಒಪ್ಪಿತು. ಕಾಡಿನ ಜಾತಿ ಮತ್ತು ದಟ್ಟಣೆ ನೋಡಿಕೊಂಡು ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ. ಪಶ್ಚಿಮ ಘಟ್ಟದ ದಟ್ಟ ಮಳೆಕಾಡು ಪಟ್ಟಿಯ ತುದಿಯಲ್ಲಿದೆ. ನಮ್ಮಂಥ ಬಯಲುಸೀಮೆಯ ವಿರಳ ಮುಳ್ಳುಗಾಡು ಪಟ್ಟಿಯ ತಳದಲ್ಲಿ. ಅಭಯಾರಣ್ಯವಾದರೆ ಐದು ಪಟ್ಟು, ರಾಷ್ಟ್ರೀಯ ಉದ್ಯಾನವಾದರೆ ಹತ್ತು ಪಟ್ಟು.

ಈ ದರ ಮೂರು ವರ್ಷಕ್ಕೆ ಎಂದು ಕೋರ್ಟ್ ಅಂದೇ ಹೇಳಿತ್ತು. ದರ ಏರಿದ್ದು 2022ರ ಜನವರಿಯಲ್ಲಿ. ಹತ್ತಿರಹತ್ತಿರ ಹದಿನಾಲ್ಕು ವರ್ಷ! ಏರಿದ್ದು 1.53 ಪಟ್ಟು. ಆ ಅವಧಿಯಲ್ಲಿ ಹೆದ್ದಾರಿ ಪಕ್ಕದ ಜಮೀನಿನ ಬೆಲೆ ಎಷ್ಟು ಪಟ್ಟಾಯಿತು ಎಂದು ನಿಮ್ಮೂರಿನ ಯಾರನ್ನಾದರೂ ಕೇಳಿ ನೋಡಿ.

ಸೈಟಿನ ಲೆಕ್ಕದಲ್ಲಿ ನೋಡಿದರೆ

ಹೆಕ್ಟೇರ್ ಎಂದರೆ ನಮಗೆ ಅಂದಾಜು ಸಿಗುವುದಿಲ್ಲ. ಸೈಟು ಎಂದರೆ ಸಿಗುತ್ತದೆ. ಹಾಗಾಗಿ ಕ್ಯಾಲ್ಕುಲೇಟರ್ ಹಿಡಿದು ಕೂತೆ.

ವಿರಳ ಮುಳ್ಳುಗಾಡಿಗೆ ಹೊಸ ದರ ಹೆಕ್ಟೇರಿಗೆ ಸುಮಾರು 6.70 ಲಕ್ಷ. ಎಕರೆಗೆ 2.71 ಲಕ್ಷ. ಗುಂಟೆಗೆ 6,800 ರೂಪಾಯಿ. ಚದರಡಿಗೆ ಆರು ರೂಪಾಯಿ ಚಿಲ್ಲರೆ. 30x40 ಸೈಟಿನಷ್ಟು ಕಾಡಿಗೆ ಏಳೂವರೆ ಸಾವಿರ. ಅತಿ ದಟ್ಟ ಮಳೆಕಾಡಾದರೂ ಅಷ್ಟೇ ಜಾಗಕ್ಕೆ 18 ಸಾವಿರ ದಾಟುವುದಿಲ್ಲ. ನಮ್ಮ ಕ್ಲಾಸಿನಲ್ಲಿ ಅದಕ್ಕಿಂತ ದುಬಾರಿ ಮೊಬೈಲ್ ಇಟ್ಟುಕೊಂಡವರು ಇದ್ದಾರೆ.

ಇನ್ನೊಂದು ಹೋಲಿಕೆ ನಮ್ಮ ಜಿಲ್ಲೆಯದೇ. ಪಾವಗಡದ ಸೋಲಾರ್ ಪಾರ್ಕಿಗೆ ರೈತರು ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಮಳೆಯೇ ಕಾಣದ, ಜಾಲಿ ಬೆಳೆಯುವ ಸುಮಾರು 13 ಸಾವಿರ ಎಕರೆ. ಆರಂಭದಲ್ಲಿ ನಿಗದಿಯಾದ ಬಾಡಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಆ ಬಾಡಿಗೆಯನ್ನು ಕೂಡಿಸುತ್ತಾ ಹೋದರೆ ಹನ್ನೆರಡನೇ ವರ್ಷಕ್ಕೆ ಅದು ಕಾಡಿನ ಒಂದೇ ಸಲದ ಬೆಲೆಯನ್ನು ದಾಟುತ್ತದೆ. ಮುಂದೆ ಬರುವ ಹಣವನ್ನು ಇಂದಿನ ಮೌಲ್ಯಕ್ಕೆ ಇಳಿಸಿ ನೋಡಿದರೆ ಇನ್ನೆರಡು ಮೂರು ವರ್ಷ ಜಾಸ್ತಿ ಹಿಡಿಯಬಹುದು. ಆಮೇಲೂ ಬಾಡಿಗೆ ಬರುತ್ತಲೇ ಇರುತ್ತದೆ, ಜಮೀನೂ ರೈತನದ್ದೇ. ಕಾಡಿಗೆ ಒಂದು ಸಲ ದುಡ್ಡು ಕಟ್ಟಿದರೆ ಮುಗಿಯಿತು.

ಇಂದಿನ ಮೌಲ್ಯಕ್ಕೆ ಇಳಿಸುವ ಈ ಸೂತ್ರವನ್ನು ಎಂಜಿನಿಯರಿಂಗ್ ಓದುವ ನಾವೆಲ್ಲ ಪರೀಕ್ಷೆಗೆ ಉರು ಹೊಡೆದವರೇ. ಅದರಲ್ಲಿ ಒಂದು ತಮಾಷೆ ಇದೆ. ಶೇ 4ರ ದರದಲ್ಲಿ, ಅರವತ್ತು ವರ್ಷದ ಆಚೆ ಸಿಗುವ ಒಂದು ಲಕ್ಷ ರೂಪಾಯಿಯ ಇಂದಿನ ಬೆಲೆ ಒಂಬತ್ತೂವರೆ ಸಾವಿರ ಮಾತ್ರ. ಯಂತ್ರಕ್ಕೆ ಈ ಲೆಕ್ಕ ಸರಿ, ಯಂತ್ರ ಸವೆಯುತ್ತದೆ. ಕಾಡು ವರ್ಷ ಕಳೆದಂತೆ ಬಲಿಯುತ್ತದೆ. ಆದರೂ ಸೂತ್ರದ ಪ್ರಕಾರ ನಮ್ಮ ಮೊಮ್ಮಕ್ಕಳ ಪಾಲಿನ ನೆರಳು, ನೀರು ಎಲ್ಲ ಚಿಲ್ಲರೆ ಕಾಸು.

ಹಾಗಾದರೆ ಮಾರುಕಟ್ಟೆ ಬೆಲೆಯನ್ನೇ ಇಡೋಣವೇ?

ನನ್ನ ಮೊದಲ ಉತ್ತರ ‘ಹೌದು’ ಎಂದೇ ಇತ್ತು. ಪಕ್ಕದ ಹೊಲಕ್ಕೆ ಏನು ಬೆಲೆಯೋ ಕಾಡಿಗೂ ಅದೇ ಎಂದರೆ ಯಾರೂ ಸುಮ್ಮಸುಮ್ಮನೆ ಕಾಡಿನ ಕಡೆ ಗೆರೆ ಎಳೆಯುವುದಿಲ್ಲ. ಆದರೆ ಓದುತ್ತಾ ಹೋದಂತೆ ಅದು ಅಷ್ಟು ಸುಲಭವಲ್ಲ ಅನ್ನಿಸಿತು.

ಅಮೆರಿಕದ ಸರ್ಕಾರಿ ಕಾಡುಗಳಲ್ಲಿ ಜನ ಸರ್ಕಾರದ ಜಾಗ ಪಡೆದು ಸಣ್ಣ ಮನೆ ಕಟ್ಟಿಕೊಂಡು ರಜೆ ಕಳೆಯುವ ಪದ್ಧತಿ ಇದೆ. ಆ ಜಾಗದ ಮಾರುಕಟ್ಟೆ ಮೌಲ್ಯದ ಶೇ 5ರಷ್ಟು ವಾರ್ಷಿಕ ಶುಲ್ಕ ಎಂದು 2000ದ ಕಾಯ್ದೆಯಲ್ಲಿ ನಿಯಮ ಮಾಡಿದರು. ಸುತ್ತಲಿನ ಬೆಲೆ ಏರಿದಾಗ ಶುಲ್ಕವೂ ಗಗನಕ್ಕೇರಿತು. ತಲೆಮಾರುಗಳಿಂದ ಇದ್ದ ಸಾಧಾರಣ ಕುಟುಂಬಗಳು ಕಂಗಾಲಾದವು. ಕೊನೆಗೆ 2014ರಲ್ಲಿ ಕಾಯ್ದೆ ಬದಲಿಸಿ 650 ಡಾಲರ್‌ನಿಂದ 5,650 ಡಾಲರ್‌ವರೆಗೆ ಹನ್ನೊಂದು ಸ್ಲ್ಯಾಬ್ ಮಾಡಿದರು. ಅದೇ ದೇಶದಲ್ಲಿ ಸರ್ಕಾರಿ ಭೂಮಿಯಲ್ಲಿ ಒಂದು ಹಸು, ಅದರ ಕರು ತಿಂಗಳಿಡೀ ಮೇಯಲು ಎಷ್ಟೋ ವರ್ಷ ಇದ್ದ ಶುಲ್ಕ 1.35 ಡಾಲರ್ ಮಾತ್ರ. ಖಾಸಗಿ ಹುಲ್ಲುಗಾವಲಿನಲ್ಲಿ ಅದು ಇದರ ಹತ್ತಾರು ಪಟ್ಟು. ಬೆಲೆ ಏರಿದರೆ ಸಣ್ಣವರಿಗೆ ಹೊರೆ, ಏರದಿದ್ದರೆ ಸಾರ್ವಜನಿಕ ಆಸ್ತಿ ಪುಕ್ಕಟೆ. ಎರಡೂ ಒಂದೇ ದೇಶದಲ್ಲಿವೆ.

ನಮ್ಮಲ್ಲಿ ಶಾಲೆ, ಆಸ್ಪತ್ರೆ, ಊರಿನ ನೀರಿನ ಟ್ಯಾಂಕಿನಂಥ ಲಾಭವಿಲ್ಲದ ಕೆಲಸಕ್ಕೆ ಒಂದು ಹೆಕ್ಟೇರ್ ಒಳಗಿನ ಜಾಗವಾದರೆ ಎನ್‌ಪಿವಿ ವಿನಾಯಿತಿ ಇದೆ. ಅದು ಸರಿಯೇ. ನನ್ನ ತಕರಾರು ಲಾಭಕ್ಕೆಂದೇ ಬರುವ ದೊಡ್ಡ ಯೋಜನೆಗಳ ಬಗ್ಗೆ. ಸಂಡೂರಿನ ದೇವದಾರಿ ಬೆಟ್ಟದಲ್ಲಿ ಕಬ್ಬಿಣದ ಅದಿರಿಗಾಗಿ ಕೇಳಿರುವ ಅರಣ್ಯ 401 ಹೆಕ್ಟೇರ್. ಅಲ್ಲಿನ ಮರಗಳು 99 ಸಾವಿರಕ್ಕೂ ಹೆಚ್ಚು. ಸಾಧಾರಣ ದಟ್ಟಣೆಯ ಒಣ ಎಲೆಯುದುರುವ ಕಾಡು ಎಂದು ಇಟ್ಟುಕೊಂಡು, ಹೆಕ್ಟೇರಿಗೆ 12.28 ಲಕ್ಷದಂತೆ ನಾನೇ ಗುಣಿಸಿದೆ. ಸುಮಾರು 49 ಕೋಟಿ. ಮರವೊಂದಕ್ಕೆ ಐದು ಸಾವಿರ ರೂಪಾಯಿ ಬರುತ್ತದೆ. ಮರದ ಬುಡದ ಮಣ್ಣು, ಅದರ ಕೆಳಗಿನ ನೀರು, ಮೇಲಿನ ಹಕ್ಕಿ ಎಲ್ಲ ಸೇರಿ!

ಇನ್ನು ಕಟ್ಟಿದ ಹಣ ಎಲ್ಲಿ ಹೋಗುತ್ತದೆ? ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ‘ಕ್ಯಾಂಪಾ’ ಒಂದು ಅಂಕದ ಪ್ರಶ್ನೆ. 2016ರ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯ್ದೆಯ ಪ್ರಕಾರ ಶೇ 90ರಷ್ಟು ರಾಜ್ಯಗಳಿಗೆ. ವರ್ಷಗಟ್ಟಲೆ ದೆಹಲಿಯಲ್ಲೇ ಕೂತಿದ್ದ 47,436 ಕೋಟಿ ರೂಪಾಯಿ 27 ರಾಜ್ಯಗಳಿಗೆ ಬಂದದ್ದು 2019ರ ಆಗಸ್ಟ್‌ನಲ್ಲಿ. ಕಾಡು ಹೋದ ದಿನವೇ ಹೋಗಿರುತ್ತದೆ, ದುಡ್ಡು ನಿಧಾನಕ್ಕೆ ಬರುತ್ತದೆ.

ಅಜ್ಜಿಯ ತವರು ಹುಲಿಯೂರುದುರ್ಗದ ಕಡೆ. ಚಿಕ್ಕಂದಿನಲ್ಲಿ ಬೆಟ್ಟದ ಸಾಲಿನಿಂದ ಸೀತಾಫಲ ಕಿತ್ತು ತಂದು ಸಂತೆಗೆ ಹಾಕುತ್ತಿದ್ದರಂತೆ. ಆಡು ಮೇಯಿಸಿದ್ದು, ಪೊರಕೆ ಹುಲ್ಲು ತಂದಿದ್ದು ಅಲ್ಲಿಂದಲೇ. ಯಾವ ರಸೀದಿಯೂ ಇಲ್ಲ. ರಸೀದಿ ಇಲ್ಲದ್ದು ಮಾರುಕಟ್ಟೆಯ ಲೆಕ್ಕಕ್ಕೆ ಸರಿಯಾಗಿ ಬರುವುದೇ ಇಲ್ಲ. ಈ ದರಗಳನ್ನು ಮನೆಯಲ್ಲಿ ಹೇಳಿದಾಗ ತಾತ ಪೇಪರ್ ಮಡಚಿಟ್ಟು ಅಂದರು: ‘ಅದುಕ್ಕೆ ಹೇಳೋರಿಲ್ಲ ಕೇಳೋರಿಲ್ಲ ಮಗ, ಅದುಕ್ಕೇ ಅಗ್ಗ. ನಮ್ಮ ಆರು ಗುಂಟೆಗೆ ನಾನಾದ್ರೂ ಕಚೇರಿ ಬಾಗಿಲು ಕಾದೆ. ಗುಡ್ಡ ಹೋಗಿ ಬಾಗಿಲು ಕಾಯ್ತದಾ?’

ಮೇಷ್ಟ್ರ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಎಲ್ಲೂ ಸಿಗಲಿಲ್ಲ.

ನನಗೆ ತೋಚಿದ್ದು ಇಷ್ಟು. ಮೊದಲು ‘ಈ ಕಾಡನ್ನು ಕೊಡಬೇಕೇ’ ಎಂಬುದು ತೀರ್ಮಾನವಾಗಲಿ, ‘ಎಷ್ಟಕ್ಕೆ’ ಎಂಬುದು ಆಮೇಲೆ. ಬೇರೆ ದಾರಿಯೇ ಇಲ್ಲದೆ ಕೊಡುವುದಾದರೆ ಪಕ್ಕದ ಹೊಲಕ್ಕಿಂತ ಅಗ್ಗವಾಗಿ ಕೊಡುವುದು ಬೇಡ. ಒಂದೇ ಸಲದ ಬೆಲೆಯ ಬದಲು ಪಾವಗಡದ ರೈತರ ಹಾಗೆ ವರ್ಷದ ಬಾಡಿಗೆ ಇರಲಿ, ಅದು ತಾನಾಗಿಯೇ ಏರುತ್ತಿರಲಿ, ಹದಿನಾಲ್ಕು ವರ್ಷ ಯಾರದೋ ಆದೇಶ ಕಾಯುವಂತಾಗದಿರಲಿ. ಪಾವಗಡದ ರೈತರಿಗೆ ಸಾಧ್ಯವಾದ ಕರಾರು ಸರ್ಕಾರಕ್ಕೆ ಆಗದೇ?

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ ಇನ್ನೆರಡು ವರ್ಷಕ್ಕೆ ನಾನೂ ನನ್ನ ಗೆಳೆಯರೂ ಎಲ್ಲೋ ಒಂದು ಸೈಟಿನಲ್ಲಿ ಹೆಲ್ಮೆಟ್ ಹಾಕಿ ನಿಂತಿರುತ್ತೇವೆ. ನಕ್ಷೆಯ ಮೇಲೆ ಗೆರೆ ಎಳೆಯುವವರು ನಾವೇ. ‘ಕನಿಷ್ಠ ವೆಚ್ಚದ ದಾರಿ’ ಎಂದು ವರದಿ ಬರೆಯುವವರೂ ನಾವೇ.

ಕ್ಯಾಂಪ್ ವರದಿಯನ್ನು ನಮ್ಮ ತಂಡ ತಿದ್ದಿ ಬರೆಯಿತು. ಖರ್ಚಿನ ಪಟ್ಟಿಗೆ ‘ಕಾಡಿನ ವಾರ್ಷಿಕ ಬಾಡಿಗೆ’ ಎಂಬ ಒಂದು ಕಾಲಂ ಸೇರಿಸಿ, ಮೂವತ್ತು ವರ್ಷಕ್ಕೆ ಪಾವಗಡದ ದರವನ್ನೇ ಹಾಕಿದೆವು. ಕಾಡಿನ ದಾರಿ ಮೊದಲಿನಷ್ಟು ಅಗ್ಗವಾಗಿ ಉಳಿಯಲಿಲ್ಲ. ಆಗ ಹೊಲದ ದಾರಿಯನ್ನೇ ಮತ್ತೆ ನೋಡಿದೆವು. ಹಳೆಯ ಬಂಡಿ ಜಾಡಿನ ಮೇಲೆ ಹೋದರೆ ಅರ್ಧದಷ್ಟು ಹೊಸ ಜಾಗವೇ ಬೇಕಿರಲಿಲ್ಲ. ಮೊದಲ ದಿನ ಅದು ನಮ್ಮ ಕಣ್ಣಿಗೇ ಬಿದ್ದಿರಲಿಲ್ಲ.

ವೈವಾದಲ್ಲಿ ಪರೀಕ್ಷಕರು ಆ ಕಾಲಂ ಮೇಲೆ ಬೆರಳಿಟ್ಟು, ‘ಇದು ಯಾವ ಕೋಡ್‌ನಲ್ಲಿದೆ?’ ಎಂದು ಕೇಳಿದರು. ‘ಕೋಡ್‌ನಲ್ಲಿ ಇಲ್ಲ ಸಾರ್, ನಾವೇ ಸೇರಿಸಿದ್ದು’ ಎಂದೆ. ನಕ್ಕು ಏನೋ ಬರೆದುಕೊಂಡರು. ಅಂಕ ಇನ್ನೂ ಬಂದಿಲ್ಲ.