ಮೇದಸ್ಸಿನ ಉರಿಯೂತವೂ ಕುಷ್ಠದ ಕೆಂಗಂಟೂ

ಚರ್ಮದ ಕೆಳಗಿರುವ ಮೇದಸ್ಸನ್ನು ನಾವು ಜಡವಾದ ಕೊಬ್ಬಿನ ಸಂಗ್ರಹವೆಂದು ಭಾವಿಸುವುದುಂಟು. ಆದರೆ ಅಲ್ಲಿಯೂ ರಕ್ತನಾಳಗಳಿವೆ. ಉರಿಯೂತವು ಅಲ್ಲಿಯೂ ತಲೆದೋರಬಲ್ಲದು. ಇದಕ್ಕೆ ಪ್ಯಾನಿಕ್ಯುಲೈಟಿಸ್ ಎಂದು ಹೆಸರು. ಇದರ ಬಗೆಗಳಲ್ಲಿ ಹಲವು ಬಹು ವಿರಳ. ಅವುಗಳಲ್ಲಿ ರಾಯಚೂರು ಜಿಲ್ಲೆಯ ಗಬ್ಬೂರಿನಂತಹ ಗ್ರಾಮಗಳಲ್ಲಿಯೂ ತಿಳಿದಿರಬೇಕಾದುದು ಕುಷ್ಠರೋಗಿಗಳಿಗೆ ಬರುವ ಎರಿಥೀಮಾ ನೋಡೋಸಮ್ ಲೆಪ್ರೋಸಮ್. ಇದನ್ನು ನಾವು ಇಲ್ಲಿ ‘ಕೆಂಗಂಟು’ ಎಂದು ಕರೆಯುವೆವು. ಕುಷ್ಠವು ರಾಷ್ಟ್ರಮಟ್ಟದಲ್ಲಿ ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕೆಳಗಿಳಿದುದಾಗಿ 2005ರಲ್ಲಿ ಘೋಷಿತವಾದರೂ ಹೊಸ ರೋಗಿಗಳು ಇಂದಿಗೂ ಪತ್ತೆಯಾಗುತ್ತಿದ್ದಾರೆ.

ಕುಷ್ಠದ ದಂಡಾಣುವನ್ನು 1873ರಲ್ಲಿ ನಾರ್ವೆಯ ಹಾನ್ಸನ್ ಕಂಡುಹಿಡಿದನು. ದಂಡಾಣುಗಳು ಹೇರಳವಾಗಿರುವ ರೋಗಿಯಲ್ಲಿ, ಔಷಧದಿಂದ ಅವು ಸತ್ತ ಮೇಲೆಯೂ ಅವುಗಳ ಅವಶೇಷಗಳು ಬಹುಕಾಲ ಉಳಿಯುತ್ತವೆ. ಅವುಗಳ ವಿರುದ್ಧ ದೇಹವು ಹೂಡುವ ಪ್ರತಿಕ್ರಿಯೆಯೇ ಕೆಂಗಂಟಿಗೆ ಮೂಲ. ರಕ್ತದ ಬಿಳಿಯ ಕಣಗಳು ಚರ್ಮದ ಆಳದಲ್ಲಿಯೂ ಮೇದಸ್ಸಿನಲ್ಲಿಯೂ ಗುಂಪುಗೂಡುತ್ತವೆ. ಆಗ ಮುಖ, ಕೈಕಾಲುಗಳ ಮೇಲೆ ಮುಟ್ಟಿದರೆ ನೋಯುವ ಕೆಂಪು ಗಂಟುಗಳು ಏಳುತ್ತವೆ. ಜ್ವರ, ಕೀಲುನೋವು ಜೊತೆಗೂಡುತ್ತವೆ. ಕಣ್ಣು, ವೃಷಣ, ನರಗಳಿಗೂ ಉರಿಯೂತವು ವ್ಯಾಪಿಸಬಹುದು. ಗಂಟುಗಳು ಅಡಗಿ ಮತ್ತೆ ಮತ್ತೆ ಏಳುವುದೂ ಉಂಟು.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳು ಅಪಾಯಕರ. ಮೊದಲನೆಯದು, ಇದನ್ನು ಸಾಮಾನ್ಯ ಕುರುವೆಂದು ಬಗೆದು ಪಟ್ಟು ಹಾಕಿ ದಿನ ಕಳೆಯುವುದು. ಎರಡನೆಯದು, ರೋಗವು ಮರುಕಳಿಸಿತೆಂದೋ ಮಾತ್ರೆಯೇ ವಿಷವಾಯಿತೆಂದೋ ಹೆದರಿ ಕುಷ್ಠದ ಔಷಧವನ್ನು ನಿಲ್ಲಿಸುವುದು. ಈ ಗಂಟುಗಳು ಎದ್ದ ಮಾತ್ರಕ್ಕೆ ರೋಗವು ಮರುಕಳಿಸಿತೆಂದು ಹೇಳಲಾಗದು. ಚಿಕಿತ್ಸೆಯ ಮಧ್ಯದಲ್ಲಿ ಎದ್ದರೆ ಔಷಧವನ್ನು ಮುಂದುವರಿಸಲೇಬೇಕು. ನರಗಳ ಉರಿಯೂತವನ್ನು ಅಲಕ್ಷಿಸಿದರೆ ಕೈಕಾಲುಗಳು ಶಾಶ್ವತವಾಗಿ ದುರ್ಬಲವಾಗಬಹುದು.

ತೀವ್ರ ಉರಿಯೂತಕ್ಕೆ ವೈದ್ಯರು ಪ್ರೆಡ್ನಿಸೊಲೋನ್ ಕೊಡುತ್ತಾರೆ. ಇನ್ನೊಂದು ಔಷಧದ ಕಥೆ ವಿಚಿತ್ರವಾದುದು. ಭ್ರೂಣಗಳನ್ನು ಅಂಗವಿಕಲಗೊಳಿಸಿದ ಕಾರಣ 1961ರಲ್ಲಿ ಜರ್ಮನಿಯ ಮಾರುಕಟ್ಟೆಯಿಂದ ಹಿಂತೆಗೆಯಲ್ಪಟ್ಟ ಥಾಲಿಡೊಮೈಡನ್ನು ಜೆರೂಸಲೇಮಿನ ವೈದ್ಯ ಜೇಕಬ್ ಶೆಸ್ಕಿನ್ ನಿದ್ರೆ ಬಾರದ ರೋಗಿಗೆ ಕೊಟ್ಟಾಗ ಗಂಟುಗಳೇ ಅಡಗಿದವು. ಆದರೆ ಗರ್ಭಿಣಿಯರಿಗೆ ಅದು ಸಂಪೂರ್ಣವಾಗಿ ನಿಷಿದ್ಧ.

ಹಳೆಯ ಕುಷ್ಠರೋಗಿಯ ಮೈಮೇಲೆ ಹೊಸ ಗಂಟು ಕಂಡಾಗ ಅವನನ್ನು ದೂರವಿಡುವುದು ಅಜ್ಞಾನ. ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯುವುದೇ ವಿದ್ಯಾವಂತರ ಕರ್ತವ್ಯವೆಂದು ನಾವು ತಿಳಿಯುತ್ತೇವೆ.